ತಣ್ಣಗಿದ್ದ ಬ್ಯಾಟರಿಗೆ ಜ್ವರ

ಹುಮನಾಬಾದಿನ ಇಂಡಸ್ಟ್ರಿಯಲ್ ಏರಿಯಾದ ತಗಡಿನ ಶೆಡ್ಡಿನಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಕೂತು ಹಿಮದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಬೆವರು ಮೀಟರಿನ ಮೇಲೆ ತೊಟ್ಟಿಕ್ಕುತ್ತಿರುತ್ತದೆ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಮುಖಕ್ಕೆ ಹೊಡೆಯುತ್ತಿರುತ್ತದೆ, ಎದುರಿಗಿರುವ ದೂರು ಮಾತ್ರ ಚಳಿಯಲ್ಲಿ ಬ್ಯಾಟರಿ ನಡೆಯುವುದಿಲ್ಲ ಎಂಬುದು.

ಮೇಜಿನ ಮೇಲೆ ಉತ್ತರದ ಬೆಟ್ಟಗಳಿಂದ ವಾಪಸ್ ಬಂದ ಒಂದು ಡಬ್ಬಿ ತುಂಬ ಬ್ಯಾಟರಿ ಪ್ಯಾಕುಗಳಿದ್ದವು. ಅಲ್ಲಿ ರಸ್ತೆಯ ಮೇಲಿನ ಹಿಮ ಸರಿಸುವ ತಂಡಗಳು ಬಳಸುವ ವೈರ್‌ಲೆಸ್ ಸೆಟ್ಟುಗಳಿಗೆ ನಾವು ಮಾಡಿಕೊಟ್ಟ ನಮೂನೆಗಳು ಅವು. ಲಿಥಿಯಂ ಅಯಾನ್ ಬ್ಯಾಟರಿ ಆಗಿನ್ನೂ ನಮ್ಮ ಕಡೆ ಮೊಬೈಲಿನ ಬೆನ್ನಲ್ಲಿ ಮಾತ್ರ ಕಾಣಿಸುತ್ತಿದ್ದ ಕಾಲ. ಬೆಳಿಗ್ಗೆ ಗುಡಾರದಿಂದ ಹೊರಗೆ ಒಯ್ದ ಸೆಟ್ಟು ಮಾತಾಡುವ ಗುಂಡಿ ಒತ್ತಿದ ಕೂಡಲೇ ಸಾಯುತ್ತದೆ ಎಂದು ಬರೆದು ಕಳಿಸಿದ್ದರು. ಒಂದೊಂದನ್ನೂ ಮೀಟರಿಗೆ ಹಚ್ಚಿ ನೋಡಿದೆ. ಎಲ್ಲವೂ ಸರಿಯಾಗಿದ್ದವು. ಕೆಟ್ಟಿದ್ದರೆ ರಿಪೇರಿ ಮಾಡಬಹುದಿತ್ತು. ಸರಿಯಾಗಿರುವುದನ್ನು ಏನು ಮಾಡಬೇಕೆಂದು ತಿಳಿಯದೆ ನನಗೆ ಅಳು ಬರುವಷ್ಟು ಸಿಟ್ಟು ಬಂತು.

ನಾನು ಬಸವಕಲ್ಯಾಣದವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಈ ಶೆಡ್ಡಿಗೆ ಸೇರಿದ್ದೆ. ಪರೀಕ್ಷೆಯ ವಿಭಾಗ ನನ್ನದು. ವಿಭಾಗವೆಂದರೆ ನಾನು, ಎರಡು ಮೀಟರು, ಒಂದು ಮೇಜು. ದಿನಾ ಬೆಳಿಗ್ಗೆ ರಾಜೇಶ್ವರದ ಮೇಲೆ ಹಾದು ಬರುವ ಬಸ್ಸಿನಲ್ಲಿ ಹುಮನಾಬಾದಿಗೆ, ಸಂಜೆ ಅದೇ ದಾರಿಯಲ್ಲಿ ವಾಪಸ್. ಮಾಲೀಕರು ತೊಗರಿಬೇಳೆಯ ಮಿಲ್ಲಿನ ಮನೆತನದವರು. ಅಣ್ಣತಮ್ಮಂದಿರೆಲ್ಲ ಬೇಳೆ ಹಿಡಿದು ಕೂತಾಗ ಇವರು ಹಟ ಹಿಡಿದು ಬ್ಯಾಟರಿ ಶೆಡ್ಡು ಹಾಕಿದ್ದರು. ಸೆಲ್ಲುಗಳು ಹೊರದೇಶದಿಂದ ಬರುತ್ತಿದ್ದವು, ಅವನ್ನು ಜೋಡಿಸಿ ಪ್ಯಾಕ್ ಮಾಡುವುದು ನಮ್ಮ ಕೆಲಸ. ವೈರ್‌ಲೆಸ್ ಸೆಟ್ಟಿನ ಆರ್ಡರು ಕೊಡಲಿದ್ದ ಗಿರಾಕಿ ಹೈದರಾಬಾದಿನ ಒಂದು ಕಂಪನಿ.

ವಾಪಸ್ ಬಂದ ಡಬ್ಬಿ ನೋಡಿ ಮಾಲೀಕರು ಮುಚ್ಚುಮರೆ ಮಾಡಲಿಲ್ಲ.

"ಈ ಆರ್ಡರ್ ಹೋಯ್ತಂದ್ರ ಶೆಡ್ಡಿಗಿ ಕೀಲಿ ಹಾಕದೇ ಅದ ಮೇಡಂ. ನಾ ವಾಪಸ್ ಮಿಲ್ಲಿಗಿ ಹೋಗಿ ಕುಂದರ್ತೀನಿ, ನನಗೇನ್ ಫಿಕರ್ ಇಲ್ಲ. ಈ ಹೆಣ್ಮಕ್ಕಳದ ನೋಡ್ರಿ ನೀವ್."

ಹೆಣ್ಣುಮಕ್ಕಳೆಂದರೆ ಸೆಲ್ಲು ಜೋಡಿಸುವ ಆರೇಳು ಜನ. ಅವರಲ್ಲಿ ಹಿರಿಯರು ದುಬಲಗುಂಡಿಯಿಂದ ಬರುತ್ತಿದ್ದ ಅಕ್ಕ. ಮೊದಲು ಹೊಲದ ಕೂಲಿಗೆ ಹೋಗುತ್ತಿದ್ದವರು. ಗಂಡ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಇವರ ಈ ಕೆಲಸದಿಂದ. ಸೆಲ್ಲಿನ ತಲೆಯ ಮೇಲೆ ನಿಕಲ್ ಪಟ್ಟಿ ಇಟ್ಟು, ಕಾಲಲ್ಲಿ ಪೆಡಲ್ ಒತ್ತಿ, ಚಿಟಕ್ ಎಂದು ವೆಲ್ಡಿಂಗ್ ಚುಕ್ಕೆ ಹಾಕುವುದು ಅವರ ಕೆಲಸ. ಒತ್ತಡ ಕಡಿಮೆಯಾದರೆ ಪಟ್ಟಿ ಕಿತ್ತು ಬರುತ್ತದೆ, ಹೆಚ್ಚಾದರೆ ಸೆಲ್ಲಿಗೆ ತೂತು. ಅಕ್ಕ ಹಾಕಿದ ಚುಕ್ಕೆ ಇಕ್ಕಳದಿಂದ ಎಳೆದರೂ ಬರುತ್ತಿರಲಿಲ್ಲ.

ಶೆಡ್ಡಿನಲ್ಲಿ ಒಂದು ರೂಢಿ ಇತ್ತು. ಚಾರ್ಜಿಗೆ ಹಚ್ಚಿದ ಪ್ಯಾಕುಗಳ ಪಕ್ಕದಲ್ಲಿ ಯಾರೇ ಹಾದುಹೋದರೂ ಅಂಗೈ ಮಗುಚಿ, ಕೈಯ ಹಿಂಬದಿಯಿಂದ ಮುಟ್ಟಿ ನೋಡಿ ಹೋಗಬೇಕು. ಮಕ್ಕಳ ಹಣೆ ಮುಟ್ಟಿ ನೋಡುವ ಹಾಗೆ. ಇದಕ್ಕೆ ಜ್ವರ ನೋಡುವುದು ಎಂದೇ ಹೆಸರು. ಬಿಸಿ ಹತ್ತಿದ ಪ್ಯಾಕನ್ನು ತಕ್ಷಣ ಬಿಚ್ಚಿಡುವುದು, ತಣ್ಣಗಿದ್ದರೆ ನಿಶ್ಚಿಂತೆ. ನಮ್ಮ ಬಿಸಿಲಿನಲ್ಲಿ ಈ ರೂಢಿ ಎಷ್ಟೋ ಸಲ ನಮ್ಮನ್ನು ಉಳಿಸಿತ್ತು. ಚಾರ್ಜಿನ ಮೇಜಿನ ಹಿಂದೆ ಗೋಡೆಗೆ ಮಾಲೀಕರು ಕೆಂಪು ಬಣ್ಣದಲ್ಲಿ "೪೫ ಡಿಗ್ರಿ ದಾಟಬಾರದು" ಎಂದು ಬರೆಸಿದ್ದರು. ಸೆಲ್ಲಿನ ಕಂಪನಿಯವರು ಕೊಟ್ಟ ಸೂಚನೆ ಅದು.

ಆ ನಮೂನೆಯ ಪ್ಯಾಕುಗಳನ್ನೂ ನಾವು ಇದೇ ಬುದ್ಧಿಯಿಂದಲೇ ಕಟ್ಟಿದ್ದೆವು. ಬಸವಕಲ್ಯಾಣದಲ್ಲಿ ತಗಡಿನ ಕೆಲಸದವರ ಹತ್ತಿರ ನಾನೇ ನಿಂತು ಮಾಡಿಸಿದ ಅಲ್ಯೂಮಿನಿಯಂ ಪೆಟ್ಟಿಗೆ, ಸುತ್ತ ಗಾಳಿಯಾಡಲು ತೂತು, ಸೆಲ್ಲುಗಳ ನಡುವೆ ಬೆರಳಾಡುವಷ್ಟು ಜಾಗ. ಶಾಖ ಒಂದಿಷ್ಟೂ ಒಳಗೆ ನಿಲ್ಲಬಾರದು. ಇಂಥ ಪ್ಯಾಕನ್ನು ನಾವು ಹೆಮ್ಮೆಯಿಂದ ಹಿಮದ ಊರಿಗೆ ಕಳಿಸಿದ್ದೆವು. ಮೈಮೇಲೆ ಬನಿಯನ್ನೂ ಇಲ್ಲದೆ ಮಗುವನ್ನು ಹೊರಗೆ ಬಿಟ್ಟ ಹಾಗಾಗಿತ್ತು ಅದು.

ಆದರೆ ಇದು ಗೊತ್ತಾಗಲು ಮೊದಲು ಚಳಿ ಬೇಕಿತ್ತು. ಹುಮನಾಬಾದಿನ ಪೇಟೆಯಲ್ಲಿ ಏನೆಲ್ಲ ಸಿಗುತ್ತದೆ. ಮೈನಸ್ ಇಪ್ಪತ್ತು ಡಿಗ್ರಿ ಚಳಿ ಯಾವ ಅಂಗಡಿಯಲ್ಲಿ ಕೇಳುವುದು? ಐಸ್ ಫ್ಯಾಕ್ಟರಿಯಿಂದ ಗಡ್ಡೆ ತಂದು ಒಡೆದು, ಉಪ್ಪು ಬೆರೆಸಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಪ್ಯಾಕು ಹೂತಿಟ್ಟೆ. ಮೈನಸ್ ಹತ್ತರ ಆಚೆ ಹೋಗಲಿಲ್ಲ, ಉಪ್ಪುನೀರು ಒಳಗೆ ಇಳಿದು ಒಂದು ಪ್ಯಾಕು ಹಾಳಾಯಿತು. ಕೊನೆಗೆ ನಮ್ಮ ಏರಿಯಾದಲ್ಲೇ ಮುಚ್ಚಿಹೋದ ಒಂದು ಔಷಧಿ ಕಾರ್ಖಾನೆಯ ಹಳೆಯ ಡೀಪ್ ಫ್ರೀಜರನ್ನು ಮಾಲೀಕರು ಎತ್ತಿಸಿಕೊಂಡು ಬಂದರು. ಅದು ಮೈನಸ್ ಇಪ್ಪತ್ತೈದಕ್ಕೆ ಇಳಿಯುತ್ತಿತ್ತು. ಆದರೆ ಕಾದ ಶೆಡ್ಡಿನಲ್ಲಿ ಅಷ್ಟು ಇಳಿಯಲು ಅರ್ಧ ದಿನ ಏದುಸಿರು ಬಿಡುತ್ತಿತ್ತು. ಇಳಿಯಿತು ಎನ್ನುವಾಗ ಕರೆಂಟು ಹೋಗುತ್ತಿತ್ತು. ಬೆಟ್ಟದ ಚಳಿಗೆ ಲೋಡ್‌ಶೆಡ್ಡಿಂಗ್ ಇಲ್ಲ, ನಮ್ಮದಕ್ಕೆ ಇತ್ತು. ಜನರೇಟರ್ ಹಚ್ಚಿಸುವಂತೆ ಮಾಲೀಕರ ಹತ್ತಿರ ಜಗಳಾಡಿ ಗೆದ್ದೆ.

ಆಮೇಲೂ ಲೆಕ್ಕ ಕೂಡಿ ಬರಲಿಲ್ಲ. ಫ್ರೀಜರಿನೊಳಗಿನ ಗಾಳಿ ಮೈನಸ್ ಇಪ್ಪತ್ತು ತೋರಿಸುತ್ತಿದ್ದರೂ ಬ್ಯಾಟರಿ ಆರಾಮಾಗಿ ನಡೆಯುತ್ತಿತ್ತು. ಮೂರ್ನಾಲ್ಕು ಸಲ ಹೀಗಾದ ಮೇಲೆ ಹೊಳೆಯಿತು. ಪ್ಯಾಕಿನ ನಡುಮಧ್ಯದ ಸೆಲ್ಲಿನಲ್ಲಿ ಇನ್ನೂ ಹುಮನಾಬಾದಿನ ಬಿಸಿಲೇ ಕೂತಿತ್ತು. ನಡುವಿನ ಸೆಲ್ಲಿಗೆ ಅಂಟು ಹಾಕಿ ಶಾಖ ಅಳೆಯುವ ತಂತಿ ಕೂಡಿಸಿದೆ. ಅಲ್ಲಿಯೂ ಮೈನಸ್ ಇಪ್ಪತ್ತು ಬರುವತನಕ ಕಾದೆ. ಆಮೇಲೆ ಸೆಟ್ಟಿನ ಗುಂಡಿ ಒತ್ತಿದಷ್ಟೇ ಭಾರ ಬೀಳುವ ರೆಸಿಸ್ಟರ್ ಹಚ್ಚಿದೆ. ವೋಲ್ಟೇಜು ಧಡಕ್ಕನೆ ಕುಸಿಯಿತು. ಭಾರ ತೆಗೆದರೆ ಮತ್ತೆ ಮೇಲೆ ಬಂತು. ದೂರು ಕೊನೆಗೂ ನನ್ನ ಕಣ್ಣೆದುರು ನಡೆದಿತ್ತು, ಆ ದಿನ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಬೇಸರವಾಗಲಿಲ್ಲ.

ಬ್ಯಾಟರಿ ಖಾಲಿಯಾಗಿರಲಿಲ್ಲ. ಒಳಗಿನ ದ್ರಾವಣ ಚಳಿಗೆ ಮಂದವಾಗಿತ್ತು, ಡಿಸೆಂಬರಿನ ಬೆಳಿಗ್ಗೆ ಶೀಶೆಯಿಂದ ಇಳಿಯದ ಕೊಬ್ಬರಿ ಎಣ್ಣೆಯ ಹಾಗೆ. ಕೇಳಿದಷ್ಟು ಕರೆಂಟನ್ನು ಕೇಳಿದ ವೇಗದಲ್ಲಿ ಕೊಡಲು ಅದಕ್ಕೆ ಆಗುತ್ತಿರಲಿಲ್ಲ. ದ್ರಾವಣ ಬದಲಿಸುವುದು ನಮ್ಮ ಕೈಯಲ್ಲಿರಲಿಲ್ಲ, ಸೆಲ್ಲು ಮಾಡುವವರು ನಾವಲ್ಲ. ನಮ್ಮ ಕೈಯಲ್ಲಿದ್ದದ್ದು ಪೆಟ್ಟಿಗೆ ಮಾತ್ರ. ಅಲ್ಯೂಮಿನಿಯಂ ಕಿತ್ತು ಪ್ಲಾಸ್ಟಿಕ್ ಹಾಕಿದೆವು, ತೂತು ಮುಚ್ಚಿದೆವು, ಸೆಲ್ಲುಗಳನ್ನು ಒಂದಕ್ಕೊಂದು ಒತ್ತಿ ಕೂಡಿಸಿ ಸುತ್ತ ಫೋಮ್ ಸುತ್ತಿದೆವು. ಭಾರ ಹಂಚಿಕೊಳ್ಳಲಿ ಎಂದು ಸೆಲ್ಲುಗಳ ಸಾಲು ಹೆಚ್ಚಿಸಿದೆವು. ಅಕ್ಕ ಹೊಸ ಪ್ಯಾಕನ್ನು ಕೈಯಲ್ಲಿ ತೂಗಿ ನೋಡಿದರು.

"ಬಾಣಂತಿಗಿ ಕಟ್ಟಿದಂಗ ಕಟ್ಟೀರಿ ಬಿಡ್ರಿ ಮೇಡಮ್ಮೋರ. ಒಳಗ ಉಸಿರರ ಆಡ್ತದೇನು?"

"ಉಸಿರು ಆಡಬಾರದ್ರಿ ಅಕ್ಕ. ಅದೇ ನಮಗ ಬೇಕಾಗ್ಯಾದ."

"ನೋಡ್ರಿ ಮತ್ತ. ಇಷ್ಟ ದಿನ ಗಾಳಿ ಬಿಡ್ರಿ, ಗಾಳಿ ಬಿಡ್ರಿ ಅಂತಿದ್ರಿ."

ಗಿರಾಕಿ ಕಂಪನಿಯ ಪರೀಕ್ಷಕರು ಮೂಲತಃ ಚಿಟಗುಪ್ಪದವರು, ಹೈದರಾಬಾದಿನಲ್ಲಿ ನೆಲೆಸಿದ್ದರು. ಬೆಟ್ಟದ ಆ ಗುಡಾರಗಳಿಗೆ ಹೋಗಿಬಂದವರು. ಫೋನಿನಲ್ಲಿ ಅವರು ಹೇಳಿದ ಒಂದು ಮಾತಿನಿಂದ ಪ್ಯಾಕಿನ ಆಕಾರವೇ ಬದಲಾಯಿತು.

"ಅಲ್ಲಿ ಮಂದಿ ನಿಮ್ಮ ಬ್ಯಾಟರಿ ಸೆಟ್ಟಿಗಿ ಬಿಡಂಗಿಲ್ರಿ. ಬಿಚ್ಚಿ ಕೋಟಿನ ಒಳಗ ಎದಿಗಿ ಹಚ್ಚಿ ಇಟಗೋತಾರ. ಮಲಗೋ ಮುಂದನೂ ಹಂಗೇ. ಬೆಚ್ಚಗಿದ್ರ ನಡೀತದ ಅಂತ ಅವರಿಗಿ ಗೊತ್ತಾಗಿ ಹೋಗ್ಯಾದ."

ಹಾಗಿದ್ದರೆ ಪ್ಯಾಕು ಕೋಟಿನೊಳಗೇ ಇರಲಿ ಎಂದುಕೊಂಡೆ. ಚಪ್ಪಟೆ ಮಾಡಿ, ಉದ್ದ ವೈರು ಹಾಕಿ, ಸೆಟ್ಟು ಹೊರಗೆ ಬ್ಯಾಟರಿ ಎದೆಯ ಮೇಲೆ ಇರುವಂತೆ ಮಾಡಿದೆವು. ಮೈಯ ಬಿಸಿ ಪುಕ್ಕಟೆ ಸಿಗುತ್ತದೆ. ಎರಡನ್ನೂ ಬೆಚ್ಚಗಿದ್ದಾಗಲೇ ಫ್ರೀಜರಿಗೆ ಇಟ್ಟು ನೋಡಿದರೆ ಹೊಸ ಪ್ಯಾಕು ಹಳೆಯದರ ಎರಡು ಪಾಲು ಹೊತ್ತು ನಡೆಯಿತು. ಮಾಲೀಕರು ಎಲ್ಲರಿಗೂ ಬಜಿ ತರಿಸಿದರು.

ಇನ್ನು ಉಳಿದದ್ದು ಚಾರ್ಜು. ಚಾರ್ಜ್ ಉಳಿದ ಪ್ಯಾಕು ಎದೆಯ ಮೇಲಿದ್ದರೆ, ಸಂಜೆ ಖಾಲಿಯಾಗಿ ಮೈಯಿಂದ ತೆಗೆದದ್ದು ಮರುದಿನ ಬೆಳಗಿನವರೆಗೆ ಚಾರ್ಜಿನ ಗುಡಾರದಲ್ಲಿ ಹೆಪ್ಪುಗಟ್ಟಿ ಬಿದ್ದಿರುತ್ತದೆ, ಬೆಳಿಗ್ಗೆ ಜನರೇಟರ್ ಶುರುವಾದಾಗ ಚಾರ್ಜಿಗೆ ಏರುತ್ತದೆ. ಗಿರಾಕಿಯ ನಿಯಮವೂ ಅದನ್ನೇ ಕೇಳುತ್ತಿತ್ತು. ಮೈನಸ್ ಇಪ್ಪತ್ತರಲ್ಲಿ ಇಟ್ಟು ಗೊತ್ತಾದ ಸಮಯದೊಳಗೆ ಪೂರಾ ಚಾರ್ಜ್ ಮಾಡಬೇಕು, ಅಲ್ಲೇ ಖಾಲಿ ಮಾಡಬೇಕು, ಹೀಗೆ ಹತ್ತು ಸಲ. ಮಾಡಿದೆವು. ಫ್ರೀಜರಿನ ಬಾಗಿಲು ತೆರೆದು ನಾನೂ ಅಕ್ಕನೂ ಕೈ ಮಗುಚಿ ಜ್ವರ ನೋಡಿದೆವು. ಮಂಜಿನಷ್ಟು ತಣ್ಣಗೆ. ಹತ್ತು ಸಲವೂ ತಣ್ಣಗೆ. ಇಷ್ಟು ಶಾಂತವಾಗಿ ಚಾರ್ಜ್ ಆದ ಬ್ಯಾಟರಿಯನ್ನು ಶೆಡ್ಡಿನಲ್ಲಿ ಯಾರೂ ನೋಡಿರಲಿಲ್ಲ. ಪಾಸಾಯಿತು ಎಂದು ಮಾಲೀಕರು ಪರೀಕ್ಷಕರಿಗೆ ಬರಲು ಹೇಳಿಬಿಟ್ಟರು.

ನನಗೆ ಒಂದು ಸಣ್ಣ ಕಿರಿಕಿರಿ ಉಳಿದಿತ್ತು. ಪ್ರತಿ ಸಲವೂ ಬ್ಯಾಟರಿಗೆ ಹಾಕಿದಷ್ಟು ವಾಪಸ್ ಬರುತ್ತಿರಲಿಲ್ಲ. ಚಳಿಯಲ್ಲಿ ಸ್ವಲ್ಪ ಕಡಿಮೆ ಬರುವುದು ಸಹಜ. ಆದರೆ ಅದೇ ಪ್ಯಾಕನ್ನು ಹೊರಗೆ ತೆಗೆದು ಬೆಚ್ಚಗಾದ ಮೇಲೆ ಖಾಲಿ ಮಾಡಿದರೂ ಆ ಪಾಲು ಬರಲಿಲ್ಲ. ಹಾಕಿದ್ದು ಒಳಗೆ ಎಲ್ಲಿಗೋ ಹೋಗುತ್ತಿತ್ತು.

ಸೆಲ್ಲನ್ನು ಬಿಚ್ಚಿ ನೋಡುವುದೊಂದೇ ದಾರಿ. ಮಾಡಬಾರದ ಕೆಲಸ ಅದು. ಪೂರಾ ಖಾಲಿ ಮಾಡಿದ ಎರಡು ಸೆಲ್ಲು ಆರಿಸಿಕೊಂಡೆ, ಒಂದು ಚಳಿಯಲ್ಲಿ ಚಾರ್ಜ್ ಆದದ್ದು, ಇನ್ನೊಂದು ಎಂದೂ ಫ್ರೀಜರ್ ಕಾಣದ್ದು. ಶೆಡ್ಡಿನ ಹಿಂದಿನ ಬಯಲಿನಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು, ಕನ್ನಡಕ ಕೈಗವಸು ಹಾಕಿ, ಪೈಪು ಕತ್ತರಿಸುವ ಸಾಧನದಿಂದ ಮೆಲ್ಲಗೆ ತಲೆ ತೆಗೆದೆ. ಒಳಗೆ ತೆಳು ಹಾಳೆಗಳ ಸುರುಳಿ. ಮೂಗು ಸುಡುವ ಸಿಹಿ ವಾಸನೆ. ಎಂದೂ ಫ್ರೀಜರ್ ಕಾಣದ ಸೆಲ್ಲಿನ ತಾಮ್ರದ ಹಾಳೆಯ ಮೇಲಿನ ಲೇಪ ಉದ್ದಕ್ಕೂ ಕಪ್ಪಗಿತ್ತು. ಚಳಿಯಲ್ಲಿ ಚಾರ್ಜ್ ಆದದ್ದರ ಮೇಲೆ ಅಲ್ಲಲ್ಲಿ ಬೂದು ಬೆಳ್ಳಿಯ ಕಲೆಗಳು.

ಆ ಕಲೆ ಲಿಥಿಯಂ ಲೋಹ. ಚಾರ್ಜಿನ ಹೊತ್ತಿಗೆ ಅದು ಕಪ್ಪು ಲೇಪದ ಒಳಗೆ ಹೋಗಿ ಕೂರಬೇಕು. ಚಳಿಯಲ್ಲಿ ಒಳಗೆ ಹೋಗಲು ಆಗದೆ ಮೇಲೆಯೇ ಪದರಾಗಿ ಕೂತಿತ್ತು. ಹೀಗೆ ಕೂತದ್ದು ಪ್ರತಿ ಚಾರ್ಜಿಗೂ ಬೆಳೆಯುತ್ತದೆ, ಒಂದು ದಿನ ಸೂಜಿಯ ಹಾಗೆ ಎದ್ದು ಹಾಳೆಗಳ ನಡುವಿನ ಪರದೆ ಚುಚ್ಚುತ್ತದೆ, ಆಗ ಸೆಲ್ಲು ಒಳಗಿಂದೊಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳುತ್ತದೆ. ಯಾವ ದಿನ ಎಂದು ಹೇಳಲು ಆಗುವುದಿಲ್ಲ. ಎದೆಗೆ ಹಚ್ಚಿಕೊಂಡು ಮಲಗಿದ ದಿನವೂ ಆಗಬಹುದು.

ಒಳಗೆ ಬಂದು ಸೆಲ್ಲಿನ ಕಂಪನಿಯ ಸೂಚನೆ ಮತ್ತೆ ಓದಿದೆ. ಚಾರ್ಜಿನ ಸಾಲಿನಲ್ಲಿ ಸೊನ್ನೆಯಿಂದ ನಲವತ್ತೈದು ಎಂದು ಮೊದಲಿನಿಂದಲೂ ಅಚ್ಚಾಗಿಯೇ ಇತ್ತು. ನಮ್ಮ ಊರಿನ ಬಿಸಿಲಿನಲ್ಲಿ ಹುಟ್ಟಿ ಬೆಳೆದ ನಾವೆಲ್ಲ ಆ ಸಾಲಿನಲ್ಲಿ ನಲವತ್ತೈದನ್ನಷ್ಟೇ ಓದಿದ್ದೆವು. ಸೊನ್ನೆ ಎಂದರೆ ನಮ್ಮ ಲೆಕ್ಕದಲ್ಲಿ ಏನೂ ಇಲ್ಲ ಎಂದರ್ಥ, ಅದೂ ಒಂದು ಗಡಿ ಎಂದು ಹೊಳೆಯಬೇಕಾದರೂ ಹೇಗೆ? ತಣ್ಣಗಿದ್ದದ್ದು ಚೆನ್ನಾಗಿದೆ ಎಂದು ನಮ್ಮ ಕೈಗಳೇ ಸಾಕ್ಷಿ ಹೇಳಿದ್ದವು. ಜ್ವರ ಬಂದದ್ದು ತಣ್ಣಗಿದ್ದ ಬ್ಯಾಟರಿಗೆ.

ಮಾಲೀಕರನ್ನು ಬಯಲಿಗೆ ಕರೆದುಕೊಂಡು ಹೋಗಿ ಬೆಳ್ಳಿಯ ಕಲೆಗೆ ಒದ್ದೆ ಹತ್ತಿ ಮುಟ್ಟಿಸಿದೆ. ಚುರ್ರೆಂದು ಸದ್ದಾಗಿ ಹೊಗೆ ಎದ್ದಿತು. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಹತ್ತ ಸಲ ಆಗ್ಯಾದಲ್ಲ ಮೇಡಂ. ಅವರು ಕೇಳಿದ್ದು ಹತ್ತೇ."

"ಹನ್ನೊಂದನೇ ಸಲ ಏನಾಗ್ತದ್ರಿ ಸಾವಕಾರ್ರ?"

"ಅದು ಅವರು ನೋಡಕೋತಾರ. ಪರೀಕ್ಷಾದ ನಿಯಮ ಬರೆದವರು ಅವರು. ನಾವ್ ಬರೆದಿಲ್ಲ."

ಅವರದ್ದೂ ಸುಳ್ಳಲ್ಲ. ನಾನು ವಾದ ಮಾಡುವಷ್ಟು ತ್ರಾಣ ಇಟ್ಟುಕೊಂಡಿರಲಿಲ್ಲ. ಚಾರ್ಜರಿನ ಕರೆಂಟು ಮೊದಲು ಪ್ಯಾಕನ್ನು ಬೆಚ್ಚಗೆ ಮಾಡಿ, ಆಮೇಲೆ ಸೆಲ್ಲುಗಳಿಗೆ ಹೋಗುವಂಥ ಇನ್ನೊಂದು ಪ್ಯಾಕು ಕಟ್ಟುತ್ತೇನೆ, ಅವಕಾಶ ಕೊಡಿ ಎಂದೆ. ಅವರು ಕೊಟ್ಟರು, ಆದರೆ ಒಂದು ಷರತ್ತು ಹಾಕಿದರು.

"ಕಟ್ರಿ. ಪರೀಕ್ಷಾಕ್ಕ ಮೊದಲ ಅದೇ ಇಡೂಣು. ಅದು ಆಗಲಿಲ್ಲಂದ್ರ ಇದನ್ನ ಇಡ್ತೀನಿ. ಆವಾಗ ನೀವ್ ಬಾಯಿ ಬಿಡಬಾರದು."

ಆ ಮಾತಿಗೆ ಒಪ್ಪಿಗೆ ಕೊಡದೆಯೇ ಹೀಟರ್ ತಂತಿ ಹುಡುಕಲು ಹೊರಟೆ.

ಉಳಿದ ದಿನಗಳು ಹೇಗೆ ಹೋದವೋ. ಸೆಲ್ಲುಗಳ ನಡುವೆ ಹೀಟರ್ ತಂತಿ ಎಳೆದೆವು. ತಂತಿಯ ಪಕ್ಕದ ಸೆಲ್ಲಿನ ಹೊದಿಕೆ ಕರಗಿತು, ದೂರದ ಸೆಲ್ಲು ಹೆಪ್ಪುಗಟ್ಟಿಯೇ ಇತ್ತು. ತಂತಿಯನ್ನು ಎರಡು ಕಡೆ ಹಂಚಿದೆವು. ಈಗ ಶಾಖ ಅಳೆಯುವ ಬಿಡಿಭಾಗ ಹೀಟರಿನ ಬಿಸಿಯನ್ನೇ ಸೆಲ್ಲಿನ ಬಿಸಿ ಎಂದು ತಿಳಿದು ಚಾರ್ಜನ್ನು ಬೇಗ ಬಿಟ್ಟುಕೊಟ್ಟಿತು. ಅದನ್ನು ಎಲ್ಲಕ್ಕಿಂತ ತಣ್ಣಗಿರುವ ಸೆಲ್ಲಿಗೆ ಅಂಟಿಸಿದೆ. ಆದರೂ ಬಿಸಿ ಸಮನಾಗಿ ಹರಡಲಿಲ್ಲ. ಕೊನೆಗೆ ಮೂಲೆಯಲ್ಲಿ ಬಿಸಾಡಿದ್ದ ಹಳೆಯ ಅಲ್ಯೂಮಿನಿಯಂ ಪೆಟ್ಟಿಗೆಗಳು ಕಣ್ಣಿಗೆ ಬಿದ್ದವು. ಶಾಖವನ್ನು ಹೊರಗೆ ಒಯ್ಯುತ್ತದೆ ಎಂದು ಕಿತ್ತು ಹಾಕಿದ ತಗಡು ಒಳಗೇ ಇದ್ದರೆ ಶಾಖವನ್ನು ಎಲ್ಲ ಸೆಲ್ಲಿಗೂ ಹಂಚುತ್ತದಲ್ಲ. ಕತ್ತರಿಸಿ ಸೆಲ್ಲುಗಳ ನಡುವೆ ತೂರಿಸಿದೆವು. ತಗಡು ಸೆಲ್ಲಿಗೆ ತಾಗಿ ಶಾರ್ಟ್ ಆಗದಂತೆ, ಬಸವಕಲ್ಯಾಣದಲ್ಲಿ ಮೋಟರ್ ಸುತ್ತುವವರ ಅಂಗಡಿಯಿಂದ ದಪ್ಪ ಕಾಗದ ತಂದು ಒಳಗೆ ಹಾಸಿದೆ. ಇಕ್ಕಟ್ಟಿನಲ್ಲಿ ವೆಲ್ಡಿಂಗ್ ಸೂಜಿ ಇಳಿಯಲು ಜಾಗವೇ ಇರಲಿಲ್ಲ. ಅಕ್ಕ ಪ್ಯಾಕನ್ನು ಓರೆ ಹಿಡಿದು, ಉಸಿರು ಬಿಗಿಹಿಡಿದು ಒಂದೊಂದೇ ಚುಕ್ಕೆ ಹಾಕಿದರು. ಕತ್ತು ಹಿಡಿದುಕೊಂಡಿತೆಂದು ಮರುದಿನ ಎಣ್ಣೆ ಹಚ್ಚಿಕೊಂಡೇ ಕೆಲಸಕ್ಕೆ ಬಂದರು.

ಪ್ಯಾಕು ಸರಿಯಾಯಿತು. ಪ್ರತಿ ಸೆಲ್ಲೂ ಐದು ಡಿಗ್ರಿ ದಾಟಿದ ಮೇಲೆಯೇ ಚಾರ್ಜು ಶುರುವಾಗುತ್ತಿತ್ತು. ಹಾಕಿದ್ದೆಲ್ಲ ವಾಪಸ್ ಬರುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಕಪ್ಪು ಬಿಟ್ಟು ಬೇರೆ ಬಣ್ಣವಿಲ್ಲ. ತೊಂದರೆ ಒಂದೇ, ಬೆಚ್ಚಗಾಗಲು ಹಿಡಿಯುವ ಹೊತ್ತು ಸೇರಿದರೆ ನಿಯಮದ ಸಮಯ ದಾಟುತ್ತಿತ್ತು. ಹೀಟರ್ ಜೋರು ಮಾಡಿದರೆ ಹೊದಿಕೆ ಕರಗುತ್ತಿತ್ತು, ನಿಧಾನ ಮಾಡಿದರೆ ಸಮಯ ಹೋಗುತ್ತಿತ್ತು. ಎಷ್ಟು ತಿಣುಕಿದರೂ ಆ ಕೊನೆಯ ಅಂತರ ಮುಚ್ಚಲಿಲ್ಲ.

ಪರೀಕ್ಷಕರು ಬಂದ ದಿನ ಶೆಡ್ಡು ಗುಡಿಸಿ ನೀರು ಹೊಡೆದಿದ್ದರು. ಅವರು ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಫ್ರೀಜರಿನ ಪಕ್ಕ ಕುರ್ಚಿ ಹಾಕಿಕೊಂಡು, ಹೊಸ ಪ್ಯಾಕನ್ನು ಚಾರ್ಜಿಗೆ ಹಚ್ಚಿಸಿ, ಗಡಿಯಾರ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನಾವೆಲ್ಲ ಕೆಲಸ ಮಾಡುವವರ ಹಾಗೆ ನಟಿಸಿದೆವು. ಸಮಯ ಮುಗಿದಾಗ ಪ್ಯಾಕು ಇನ್ನೂ ಚಾರ್ಜ್ ಆಗುತ್ತಲೇ ಇತ್ತು.

"ಟೈಮ್ ದಾಟ್ತಲ್ರಿ," ಎಂದರು.

ಮಾಲೀಕರು ಎದ್ದು ಹೋಗಿ ಕಪಾಟಿನಿಂದ ಹೀಟರಿಲ್ಲದ ಮೊದಲಿನ ಪ್ಯಾಕುಗಳ ತಟ್ಟೆಯನ್ನೇ ತಂದರು. "ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ. ಇನ್ನೊಂದು ಮಾಡಲ್ ತಯಾರ್ ಅದ. ಇದು ಬರಾಬರ್ ಟೈಮಿನಾಗ ಆಗ್ತದ."

ವೆಲ್ಡಿಂಗ್ ಯಂತ್ರದ ಚಿಟಕ್ ಸದ್ದು ನಿಂತಿತ್ತು. ಅಕ್ಕ ಇತ್ತಲೇ ನೋಡುತ್ತಿದ್ದರು. ಆ ತಟ್ಟೆ ಫ್ರೀಜರಿಗೆ ಹೋದರೆ ಆರ್ಡರು ನಮ್ಮದು, ಶೆಡ್ಡು ತೆರೆದಿರುತ್ತದೆ, ಈ ಹೆಂಗಸರು ನಾಳೆಯೂ ಬಸ್ಸು ಹತ್ತಿ ಬರುತ್ತಾರೆ. ನನಗೆ ಸಾಕುಸಾಕಾಗಿತ್ತು. ಸುಮ್ಮನಿದ್ದರೆ ಮುಗಿದುಹೋಗುತ್ತದೆ ಎಂದು ಮೈಯೆಲ್ಲ ಹೇಳುತ್ತಿತ್ತು. ಆದರೆ ಕಣ್ಣೆದುರು ಆ ಚುರ್ರೆನ್ನುವ ಕಲೆ ಇತ್ತು, ಅದರ ಕೆಳಗೆ ಯಾರದೋ ಎದೆ ಇತ್ತು.

"ಅದನ್ನ ಇಡಬ್ಯಾಡ್ರಿ," ಎಂದೆ. ದನಿ ನನ್ನದೇ ಎನಿಸಲಿಲ್ಲ. ಮೇಜಿನ ಕೆಳಗಿಂದ ಗಾಜಿನ ಬಾಟಲಿ ತೆಗೆದು ಪರೀಕ್ಷಕರ ಮುಂದೆ ಇಟ್ಟೆ. ಬೆಳ್ಳಿಯ ಕಲೆಯ ಹಾಳೆಯನ್ನು ಗಾಳಿ ತಾಗದಂತೆ ಮೆಡಿಕಲ್ ಅಂಗಡಿಯ ಪ್ಯಾರಫಿನ್ ಎಣ್ಣೆಯಲ್ಲಿ ಮುಳುಗಿಸಿ ಇಟ್ಟಿದ್ದೆ. ಏನು, ಹೇಗೆ ಎಂದು ಹೇಳಿದೆ. ಮಾಲೀಕರ ಕಡೆ ನೋಡಲಿಲ್ಲ.

ಪರೀಕ್ಷಕರು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹತ್ತ ಸಲಕ್ಕೇ ಇಷ್ಟ ಕುಂತದೇನ್ರಿ?"

"ಹೌದ್ರಿ."

"ಅಲ್ಲಿ ಒಂದು ಚಳಿಗಾಲಕ್ಕ ನೂರ ಸಲ ಆಗ್ತದ." ಅವರು ಬಾಟಲಿ ಕೆಳಗಿಟ್ಟರು. "ಮೇಡಂ, ನನ್ನ ಕೈಯಾಗ ಏನೂ ಇಲ್ಲ. ನಿಯಮದ ಪ್ರಕಾರ ಇದು ಫೇಲ್, ಹಂಗೇ ಬರೀತೀನಿ. ಆ ತಟ್ಟಿ ನಾ ನೋಡಿಲ್ಲ. ಈ ಬಾಟ್ಲಿ ತಗೊಂಡ ಹೋಗಿ ನಮ್ಮವರಿಗಿ ತೋರಸ್ತೀನಿ. ಮುಂದ ಏನಾಗ್ತದ, ಯಾವಾಗ ಆಗ್ತದ, ಹೇಳಾಕ ಆಗಂಗಿಲ್ಲ."

ಅವರು ಹೋದ ಮೇಲೆ ಮಾಲೀಕರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ತಟ್ಟೆಯನ್ನು ಕಪಾಟಿನಲ್ಲಿಟ್ಟು, ಜನರೇಟರ್ ಬಂದ್ ಮಾಡಿಸಿ, ಮಿಲ್ಲಿನ ಕಡೆ ನಡೆದರು.

ಆ ವಾರವೇ ಹೆಣ್ಣುಮಕ್ಕಳಿಗೆ ಮತ್ತೆ ಕರೆಸುವತನಕ ಬರಬೇಡಿ ಎಂದು ಹೇಳಬೇಕಾಯಿತು. ಹೇಳುವ ಕೆಲಸ ನನ್ನ ಪಾಲಿಗೇ ಬಂತು. ಅಕ್ಕ ಊಟದ ಡಬ್ಬಿ ಚೀಲಕ್ಕೆ ಹಾಕುತ್ತಾ ಕೇಳಿದರು.

"ಅವರು ಆ ಹಳೀ ಮಾಲ್ ನೋಡತಿದ್ರು, ನೀವೇ ಬ್ಯಾಡಂದ್ರಿ. ಹೌದಲ್ರಿ?"

"ಹೌದ್ರಿ ಅಕ್ಕ."

"ಎದಿಗಿ ಇಟಗೋತಾರ ಅಂದಿದ್ರಲ್ಲ, ಅದಕ್ಕ?"

"ಅದಕ್ಕೇರಿ."

ಅವರು ಚೀಲ ಹೆಗಲಿಗೆ ಹಾಕಿಕೊಂಡರು. "ಸರಿ ಬಿಡ್ರಿ," ಎಂದು ಸೆರಗು ಸರಿಮಾಡಿಕೊಂಡು ಹೊರಟರು. ಸರಿ ಎಂದದ್ದು ನಾನು ಮಾಡಿದ್ದಕ್ಕೋ, ಆ ದಿನದ ಮಾತು ಮುಗಿಸಲಿಕ್ಕೋ, ಕೇಳುವ ಧೈರ್ಯ ನನಗಿರಲಿಲ್ಲ.

ಮಳೆಗಾಲವೆಲ್ಲ ನಾನೊಬ್ಬಳೇ ಶೆಡ್ಡಿಗೆ ಹೋಗಿಬಂದೆ. ಎಮರ್ಜೆನ್ಸಿ ಲೈಟಿನ ಬ್ಯಾಟರಿ ರಿಪೇರಿ ಮಾಡುತ್ತಾ ಕೂತೆ. ಮಾಲೀಕರು ಯಾವಾಗಲೋ ಬಂದು ಬಾಗಿಲಲ್ಲಿ ನಿಂತು, "ಏನರ ಫೋನ್ ಬಂದಿತ್ತೇನ್ರಿ?" ಎಂದು ಕೇಳಿ ಹೋಗುತ್ತಿದ್ದರು. ಕೀಲಿ ಮಾತ್ರ ಹಾಕಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವ.

ದೀಪಾವಳಿ ಕಳೆದ ಮೇಲೆ ಪರೀಕ್ಷಕರೇ ಫೋನು ಮಾಡಿದರು. ಬಾಟಲಿ ನೋಡಿದ ಅವರ ಮೇಲಿನವರು ನಿಯಮ ತಿದ್ದಿದ್ದರು. ಬೆಚ್ಚಗಾಗುವ ಹೊತ್ತನ್ನು ಚಾರ್ಜಿನ ಸಮಯದಲ್ಲಿ ಎಣಿಸುವುದಿಲ್ಲ. ಸೊನ್ನೆಯ ಕೆಳಗೆ ಚಾರ್ಜ್ ತೆಗೆದುಕೊಳ್ಳುವ ಪ್ಯಾಕನ್ನು ಇನ್ನು ಮುಂದೆ ಯಾರಿಂದಲೂ ಕೊಳ್ಳುವುದಿಲ್ಲ. ಆರ್ಡರು ಮೊದಲು ಹೇಳಿದ್ದರ ಅರ್ಧವಷ್ಟೇ, ಆದರೆ ನಮಗೇ. ಮಾಲೀಕರು ಫೋನು ಇಟ್ಟು ನನ್ನ ಕಡೆ ನೋಡಿದರು. "ಗೆದ್ರಿ ಬಿಡ್ರಿ ಮೇಡಂ. ದುಬಲಗುಂಡಿಗಿ ಹೋಗಿ ಅಕ್ಕನ್ನ ಕರಕೊಂಡ ಬರ್ರಿ. ಆ ಪ್ಯಾಕಿನ ವೆಲ್ಡಿಂಗ್ ಮತ್ತ್ಯಾರಿಗೂ ಬರಂಗಿಲ್ಲ."

ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಮನೆಯಲ್ಲಿ ಗಂಡ ಹೊರಸಿನ ಮೇಲೆ ಮಲಗಿದ್ದವರು ಶಾಲೆಯ ಕಡೆ ಕೈ ತೋರಿಸಿದರು. ಅಕ್ಕ ಬಿಸಿಯೂಟದ ಅಡುಗೆಕೋಣೆಯಲ್ಲಿ ದೊಡ್ಡ ಪಾತ್ರೆಯ ಸಾರು ತಿರುವುತ್ತಿದ್ದರು. ನನ್ನನ್ನು ನೋಡಿ ನಕ್ಕರು, ಕೈ ಒರೆಸಿಕೊಂಡು ಹೊರಗೆ ಬಂದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಪಾಸ್ ಆಯ್ತೇನ್ರಿ? ಛಲೋ ಆಯ್ತು. ಖರೇನೇ ಛಲೋ ಆಯ್ತು." ಆಮೇಲೆ ಒಳಗಿನ ಒಲೆಯ ಕಡೆ ಒಮ್ಮೆ ನೋಡಿದರು. "ನಾ ಬರಂಗಿಲ್ರಿ ಮೇಡಮ್ಮೋರ. ಸಿಟ್ಟಿಲ್ರಿ ನನಗ. ನೀವ್ ಮಾಡಿದ್ದು ಬರಾಬರ್ ಅದ, ನಾನೂ ಮನ್ಯಾಗ ಹಂಗೇ ಹೇಳೀನಿ. ಆದ್ರ ನಿಮ್ಮ ಕೆಲಸ ಯಾವಾಗ ಇರ್ತದ, ಯಾವಾಗ ಇರಂಗಿಲ್ಲ, ನನಗ ತಿಳಿಯಂಗಿಲ್ಲ. ಇಲ್ಲಿ ಹುಡುಗ್ರಿಗಿ ದಿನಾ ಹಸೀತದ."

ಸಾರು ಉಕ್ಕುತ್ತಿತ್ತು. ಅವರು ಒಳಗೆ ಓಡಿದರು.

ವಾಪಸ್ ಬರುವ ಬಸ್ಸಿನಲ್ಲಿ ಬೆಟ್ಟದ ಆ ಮನುಷ್ಯನ ಬಗ್ಗೆ ಯೋಚಿಸಲು ನೋಡಿದೆ. ಬ್ಯಾಟರಿಯನ್ನು ಎದೆಗೆ ಹಚ್ಚಿಕೊಂಡು ನೆಮ್ಮದಿಯಾಗಿ ಮಲಗುವವನು. ಅವನ ಮುಖ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಕ್ಕನ ಮುಖ.

ಶೆಡ್ಡಿಗೆ ಬಂದು ವೆಲ್ಡಿಂಗ್ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತೆ. ಪ್ಯಾಕನ್ನು ಅವರ ಹಾಗೆ ಓರೆ ಹಿಡಿದು, ಉಸಿರು ಬಿಗಿಹಿಡಿದು ಪೆಡಲ್ ಒತ್ತಿದೆ. ಇಕ್ಕಳದಿಂದ ಎಳೆದಾಗ ಪಟ್ಟಿ ಕಿತ್ತು ಕೈಗೆ ಬಂತು. ಇನ್ನೊಂದು ಹಾಕಿದೆ. ಅದೂ ಬಂತು.